ತರಗಿಗೆ ಬೆಂಕಿ, ಯೂರಿಯಾಕ್ಕೆ ಸಾಲು



ಈಗ ಗಾಳಿಗೂ ಬೆಲೆ ಬಂದಿದೆಯಂತೆ. ಗಾಳಿಯಲ್ಲಿರುವ ಇಂಗಾಲವನ್ನು ನಿಮ್ಮ ಹೊಲಕ್ಕಿಳಿಸಿದರೆ, ಗದ್ದೆಯಿಂದ ಏಳುವ ಅನಿಲ ಕಡಿಮೆ ಮಾಡಿದರೆ ದುಡ್ಡು ಕೊಡುತ್ತೇವೆ ಅಂತ ಕಂಪನಿಗಳ ಏಜೆಂಟರು ದೇಶದ ಭತ್ತದ ಸೀಮೆಗಳಲ್ಲಿ ಓಡಾಡುತ್ತಿದ್ದಾರೆ. ಭತ್ತಕ್ಕೆ, ಕಬ್ಬಿಗೆ, ರೇಷ್ಮೆಗೂಡಿಗೆ ನ್ಯಾಯವಾದ ಬೆಲೆ ಕೊಡಲಾರದ ಲೋಕ ಗಾಳಿಗೆ ಕೊಡುತ್ತದೆ ಅಂದರೆ ನಾವು ಸ್ವಲ್ಪ ತಡೆದು ನೋಡಬೇಕಲ್ಲವೇ?

ಹಾಗಂತ ಇದೆಲ್ಲ ಬರೀ ಪೇಟೆಯವರ ಮಾತು ಅಂತ ತಳ್ಳಿಹಾಕಬೇಡಿ. ಶುದ್ಧ ಇಂಧನ, ಇಂಗಾಲ ಹಿಡಿದಿಡುವ ವಿದ್ಯೆ ಅಂತ ಅವರು ಹೇಳುವುದರಲ್ಲಿ ನಂಜನಗೂಡು, ತಿ. ನರಸೀಪುರದ ರೈತನಿಗೆ ಬೇಕಾದದ್ದು ಬೇಕಾದಷ್ಟಿದೆ. ನನ್ನ ಮಾತು ಇಷ್ಟೇ: ಸಾಲವಿಲ್ಲದೆ ಆಗುವಂಥದ್ದು ಮೊದಲು, ಸಾಲ ಕೇಳುವಂಥದ್ದು ಆಮೇಲೆ, ಸಹಿ ಕೇಳುವಂಥದ್ದು ಎಲ್ಲಕ್ಕಿಂತ ಕೊನೆಗೆ.

ಕಬ್ಬಿನಿಂದಲೇ ಶುರುಮಾಡೋಣ. ಕಟಾವು ಮುಗಿದ ಮಾರನೆಯ ದಿನ ನಮ್ಮ ಗದ್ದೆಗಳಲ್ಲಿ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. "ಬೆಂಕಿ ಇಕ್ಕಿದ್ರೆ ಒಂದು ಗಳಿಗೇಲಿ ಗದ್ದೆ ಕಿಲೀನು ಕಣಪ್ಪ" ಅಂತೀವಿ. ಇಲಿ, ಹಾವಿನ ಭಯವೂ ಸುಳ್ಳಲ್ಲ, ಆಳು ಸಿಗದಿರುವುದೂ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ. ಎಕರೆಗೆ 40 ಟನ್ ಕಬ್ಬು ಬಂದರೆ ಸುಮಾರು 4 ಟನ್ ತರಗು ನೆಲದ ಮೇಲೆ ಉಳಿಯುತ್ತದೆ. ಅದರಲ್ಲಿ ಹದಿನಾಲ್ಕು ಕೆಜಿಯಷ್ಟು ಸಾರಜನಕ, ಇಪ್ಪತ್ತೈದು ಕೆಜಿಯಷ್ಟು ಪೊಟ್ಯಾಷ್ ಇರುತ್ತದೆ. ಬೆಂಕಿ ಇಟ್ಟರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯಾಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ ನಿಜ, ಆದರೆ ಬಿರುಗಾಳಿಗೋ ಮೊದಲ ಮಳೆಗೋ ಆ ಬೂದಿಯಲ್ಲಿ ಎಷ್ಟು ನಿಮ್ಮ ಗದ್ದೆಯಲ್ಲಿ ನಿಲ್ಲುತ್ತದೆ?

ಹದಿನಾಲ್ಕು ಕೆಜಿ ಸಾರಜನಕ ಅಂದರೆ ಯೂರಿಯಾ ಲೆಕ್ಕದಲ್ಲಿ 30 ಕೆಜಿ. ಒಂದು ಚೀಲವೂ ಆಗಲಿಲ್ಲ, ಇನ್ನೂರು ರೂಪಾಯಿಯೂ ಆಗಲಿಲ್ಲ ಅಂತ ನಗಬೇಡಿ. ಸಬ್ಸಿಡಿ ಇರುವುದರಿಂದ ಅದು ಇನ್ನೂರು. 2025ರ ಮುಂಗಾರಿನಲ್ಲಿ ದುಡ್ಡು ಜೇಬಲ್ಲಿಟ್ಟುಕೊಂಡೇ ರಾಜ್ಯದ ರೈತರು ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಂತರು. ಆವತ್ತು ಆ 30 ಕೆಜಿಯ ಬೆಲೆ ಎಷ್ಟಿತ್ತು? ಇನ್ನು ಪೊಟ್ಯಾಷ್ ನಮ್ಮ ದೇಶದಲ್ಲಿ ತೆಗೆಯುವುದೇ ಇಲ್ಲ ಅನ್ನಬಹುದು, ಹಡಗಿನಲ್ಲಿ ಬರಬೇಕು.

ಗೊಬ್ಬರಕ್ಕಿಂತ ದೊಡ್ಡ ಲಾಭ ನೀರಿನದ್ದು, ಕಳೆಯದ್ದು. ತರಗು ಹೊದಿಸಿದ ಕೂಳೆ ಕಬ್ಬಿನಲ್ಲಿ ತೇವ ಬೇಗ ಆರುವುದಿಲ್ಲ, ಕಳೆ ತಲೆ ಎತ್ತುವುದಿಲ್ಲ. ಒಂದು ಸಲ ಕಳೆ ಕೀಳಿಸುವ ಕೂಲಿ ಇವತ್ತು ಎಷ್ಟು ಅಂತ ನೀವೇ ಬರೆದುಕೊಳ್ಳಿ. ಎಲ್ಲ ಸಾಲಿಗೂ ಹೊದಿಸಲಾಗದಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎಳೆದು ಹಾಕಿ, ನೀರು ಹಾಯಿಸಲು ದಾರಿಯೂ ಉಳಿಯುತ್ತದೆ. ಒಣ ತರಗು ಕೊಳೆಯುವಾಗ ಮೊದಮೊದಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಬೆಳೆ ಹಳದಿಯಾಗಬಹುದು. ಆದ್ದರಿಂದ ಅದರ ಮೇಲೆ ಸಗಣಿ ನೀರು, ಇಲ್ಲವೇ ಫ್ಯಾಕ್ಟರಿಯ ಪ್ರೆಸ್‌ಮಡ್, ಏನೂ ಇಲ್ಲದಿದ್ದರೆ ಸ್ವಲ್ಪ ಯೂರಿಯಾ ಎರಚಬೇಕು. ತರಗು ಪುಡಿ ಮಾಡುವ ಯಂತ್ರ ಕೊಳ್ಳಲು ಯಾರೂ ಸಾಲ ಮಾಡಬೇಡಿ. ಬಾಡಿಗೆಗೆ ಕೊಡಲೆಂದೇ ಸರ್ಕಾರ ಕೃಷಿ ಯಂತ್ರಧಾರೆ ಕೇಂದ್ರ ತೆರೆದಿದೆ. ನಿಮ್ಮ ಹೋಬಳಿಯ ಕೇಂದ್ರದಲ್ಲಿ ಆ ಯಂತ್ರ ಇಲ್ಲ ಅಂದರೆ ನಾಲ್ಕು ಜನ ಸೇರಿ ಹೋಗಿ ಕೇಳಿ. ಒಬ್ಬರೇ ಹೋದರೆ "ನಾಳೆ ಬಾ" ಅನ್ನುತ್ತಾರೆ.

ಕಬ್ಬಿನ ಮಾತು ಬಂದ ಮೇಲೆ ಇನ್ನೊಂದು. ಅಳಗಂಚಿಯಂಥ ಕಾರ್ಖಾನೆಗಳಲ್ಲಿ ನಮ್ಮ ಕಬ್ಬಿನ ಸಿಪ್ಪೆ ಉರಿದು ಕರೆಂಟಾಗುತ್ತದೆ. ಅದನ್ನು 'ಹಸಿರು ವಿದ್ಯುತ್' ಅಂತ ಹೊಗಳುತ್ತಾರೆ. ಹೊಗಳಲಿ. 2025-26ಕ್ಕೆ ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ನಿಮ್ಮ ಕೈಗೆ ಬರುವ ಬಿಲ್ಲಿನಲ್ಲಿ ಕರೆಂಟಿನ ಪಾಲು ಅಂತ ಒಂದು ಸಾಲು ಇದೆಯೇ, ಹುಡುಕಿ ನೋಡಿ. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನ ಸೇರಿ ಬರುವ ಆದಾಯದಲ್ಲಿ ಶೇ. 70 ರೈತನಿಗೆ ಸಲ್ಲಬೇಕು ಅಂದಿತ್ತು. ನಾಳೆ ತರಗನ್ನೂ ಬಾಯ್ಲರಿಗೆ ಕೊಡಿ ಅಂತ ಯಾರಾದರೂ ಬಂದರೆ ಟನ್ನಿಗೆ ಎಷ್ಟು ಅಂತ ಮೊದಲು ಕೇಳಿ. ಕಸ ಅಂತ ಪುಕ್ಕಟೆ ಕೊಡಬೇಡಿ.

ಇನ್ನು ಇದ್ದಿಲು. ಗಾಳಿಯ ಇಂಗಾಲವನ್ನು ನೂರಾರು ವರ್ಷ ಮಣ್ಣಲ್ಲಿ ಹೂತಿಡುವ ಅಗ್ಗದ ದಾರಿ ಇದೇ ಅಂತ ವಿಜ್ಞಾನಿಗಳು ಹೇಳುತ್ತಾರೆ. ಬೆಳೆ ಹೀರಿದ ಇಂಗಾಲ ಕೊಳೆತರೆ ಬಹುಪಾಲು ವಾಪಸ್ಸು ಗಾಳಿಗೇ ಹೋಗುತ್ತದೆ, ಇದ್ದಿಲಾದರೆ ಬೇಗ ಕೊಳೆಯುವುದಿಲ್ಲ. ತರಗನ್ನು ಹೊದಿಕೆಗೇ ಬಿಡಿ. ಹಿಪ್ಪುನೇರಳೆ ಕಡ್ಡಿ, ಹತ್ತಿ ಕಡ್ಡಿ, ತೆಂಗಿನ ಮಟ್ಟೆ ಬದುವಿನಲ್ಲಿ ಬಿದ್ದು ಸುಡುತ್ತವಲ್ಲ, ಅವು ಇದಕ್ಕೆ ಸರಿ. ಮೇಲೆ ನಾಲ್ಕೈದು ಅಡಿ ಅಗಲ, ಎರಡು ಮೂರು ಅಡಿ ಆಳ, ಬೋಗುಣಿಯ ಹಾಗೆ ಒಂದು ಗುಂಡಿ ತೋಡಿ. ತಳದಲ್ಲಿ ಉರಿ ಹೊತ್ತಿಸಿ, ಕಡ್ಡಿಯ ಮೇಲೆ ಬಿಳಿ ಬೂದಿ ಕಾಣಿಸಿಕೊಂಡ ಕೂಡಲೇ ಇನ್ನೊಂದು ಪದರ ಒಣ ಕಡ್ಡಿ ಹಾಕಿ. ಮೇಲಿನ ಉರಿ ಕೆಳಗಿನದಕ್ಕೆ ಗಾಳಿ ಬಿಡುವುದಿಲ್ಲ, ಹೊಗೆಯನ್ನೂ ತಾನೇ ತಿನ್ನುತ್ತದೆ. ಗುಂಡಿ ತುಂಬಿದಾಗ ನೀರು ಸುರಿದು ಪೂರ್ತಿ ಆರಿಸಿ. ಒಂದು ಟನ್ ಒಣ ಕಡ್ಡಿಗೆ ಇನ್ನೂರು ಕೆಜಿಯಷ್ಟು ಇದ್ದಿಲು ಬರುತ್ತದೆ. ಅದು ಗಾಳಿಯಿಂದ ಹಿಡಿದ ಅರ್ಧ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ.

ಬರೀ ಇದ್ದಿಲು ಎರಚಿದರೆ ಮೊದಲ ಬೆಳೆಗೆ ನಷ್ಟವೇ ಆಗಬಹುದು, ಅದೂ ಮಣ್ಣಿನ ಸತ್ವ ಹೀರುತ್ತದೆ. ಗಂಜಲ, ಸಗಣಿಯಲ್ಲಿ ಎರಡು ವಾರ ನೆನೆಸಿ ತಿಪ್ಪೆ ಗೊಬ್ಬರದ ಜೊತೆ ಹಾಕಿ. ನೀರು ನಿಲ್ಲದ ಕೆಂಪು ಮರಳು ಮಣ್ಣಿಗೆ ಇದು ಒಳ್ಳೆಯದು. ಎರೆ ಭೂಮಿಯವರು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ನಾಲೆಯ ಕೊನೆಯ ಚೌಳು ನೆಲಕ್ಕಂತೂ ಬೇಡವೇ ಬೇಡ, ಇದ್ದಿಲು ಕ್ಷಾರ.

ಗೋಬರ್ ಗ್ಯಾಸ್ ಅಂದರೆ ನಮ್ಮ ಊರುಗಳಲ್ಲಿ ಜನ ನಗುತ್ತಾರೆ. ಹಿತ್ತಲಲ್ಲಿ ಮುಚ್ಚಿಹೋದ ಹಳೇ ಗುಂಡಿ ತೋರಿಸುತ್ತಾರೆ. ಅವು ಮುಚ್ಚಿಹೋದದ್ದು ವಿದ್ಯೆ ಕೆಟ್ಟದ್ದರಿಂದಲ್ಲ. ಸಬ್ಸಿಡಿ ಗುರಿ ಮುಟ್ಟಿಸಲು ಕಟ್ಟಿದರು, ಪೈಪಿನಲ್ಲಿ ನೀರು ತುಂಬಿದರೆ ಬಿಚ್ಚಿ ತೆಗೆಯುವುದನ್ನು ಯಾರೂ ಕಲಿಸಲಿಲ್ಲ. ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಖಾಲಿಯಾಯಿತು. ಆದರೆ ಇದೇ ಕರ್ನಾಟಕದಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ, 1987ರ ಸುಮಾರಿಗೆ ಊರ ದನಗಳ ಸಗಣಿಯಿಂದಲೇ ದೀಪ ಉರಿಸಿ ಕುಡಿಯುವ ನೀರು ಎತ್ತಿದರು. ಮಾಡಿಸಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ, ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಕೇಂದ್ರ. ಸಗಣಿ ಕೊಟ್ಟವರಿಗೆ ಬಗ್ಗಡ ವಾಪಸ್ಸು ಕೊಡುತ್ತಿದ್ದರು. ಗೊಬ್ಬರ ಕಳೆದುಕೊಳ್ಳುವ ಯೋಜನೆಗೆ ರೈತ ಒಪ್ಪುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ನಾಲ್ಕೈದು ದನ ಕಟ್ಟಿದವರ ಮನೆಯಲ್ಲಿ ದಿನಕ್ಕೆ 50 ಕೆಜಿ ಸಗಣಿ ಸಿಕ್ಕರೆ 2 ಘನ ಮೀಟರ್ ಗುಂಡಿ ನಡೆಯುತ್ತದೆ. ತಿಂಗಳಿಗೆ 25 ಕೆಜಿ ಸಿಲಿಂಡರ್ ಗ್ಯಾಸಿನಷ್ಟು ಉರಿ. ಮನೆ ಮುಂದೆ ನಿಂತಿರುವ ಮೋಟರ್ ಬೈಕಿಗೆ ಕೊಟ್ಟಷ್ಟು ಹಣ ಇದಕ್ಕೆ ಬೇಕಿಲ್ಲ. 2022ರ ಕೇಂದ್ರ ಯೋಜನೆಯಲ್ಲಿ 2ರಿಂದ 4 ಘನ ಮೀಟರ್ ಗುಂಡಿಗೆ ಸಾಮಾನ್ಯ ವರ್ಗಕ್ಕೆ 14,350 ರೂಪಾಯಿ ಸಹಾಯಧನ ಇತ್ತು. ಈಗಿನ ದರ ತಾಲ್ಲೂಕು ಪಂಚಾಯ್ತಿಯಲ್ಲಿ ಕೇಳಿಯೇ ಕೈ ಹಾಕಿ. ಒಂದೇ ಹಸು ಇರುವವರು ಕಟ್ಟಿಸಬೇಡಿ.

ಭತ್ತದವರಿಗೆ ಬೇಕಾದದ್ದು ಒಂದಡಿ ಪಿವಿಸಿ ಪೈಪಿನ ತುಂಡು. ಸುತ್ತ ತೂತು ಕೊರೆದು ಮುಕ್ಕಾಲು ಭಾಗ ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಒಳಗೆ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿದ ಮೇಲೆ ನೀರು ಕಟ್ಟಿದರೆ ಸಾಕು. ಹೂ ಬರುವಾಗ ಮಾತ್ರ ನೀರು ನಿಂತಿರಬೇಕು. ನೀರು ಉಳಿಯುತ್ತದೆ, ಗದ್ದೆಯಿಂದ ಏಳುವ ಮೀಥೇನ್ ಅರ್ಧದ ಹತ್ತಿರ ಇಳಿಯುತ್ತದೆ. ನಾಲೆಯ ತಲೆಯಲ್ಲಿರುವವರು ಹೀಗೆ ಮಾಡಿದರೆ ಕೊನೆಯ ಗದ್ದೆಗೂ ಕಬಿನಿ ಮುಟ್ಟೀತು.

ಸೋಲಾರ್ ಪಂಪಿನ ಲೆಕ್ಕ ಬೇರೆ. ಹತ್ತು ಅಶ್ವಶಕ್ತಿವರೆಗೆ ನಮಗೆ ಕರೆಂಟ್ ಬಿಲ್ಲಿಲ್ಲ, ಹಾಗಾಗಿ ಫಲಕ ಹಾಕಿಸಿದರೆ ಬಿಲ್ಲಿನಲ್ಲಿ ಉಳಿಯುವುದು ಸೊನ್ನೆ. ಉಳಿಯುವುದು ಜೀವ. 2022ರ ಕೊನೆಯಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಜನರನ್ನು ಕೊಂದದ್ದು ಮರೆತಿಲ್ಲ ತಾನೇ? ಕತ್ತಲಲ್ಲಿ ಮೋಟರ್ ಹಾಕಲು ಹೋಗಬೇಕಾಗಿ ಬರುವುದೇ ತಪ್ಪು. ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ ಶೇ. 30, ರಾಜ್ಯದ ಶೇ. 50 ಹೋಗಿ ಶೇ. 20 ರೈತನ ಪಾಲು. ಲೈನ್ ಬರದ ದೂರದ ಹೊಲದವರು ಯೋಚಿಸಬಹುದು. ಬೋರ್‌ವೆಲ್ ಬತ್ತುವ ಜಾಗದಲ್ಲಿ ಅದಕ್ಕೂ ಸಾಲ ಬೇಡ. ಉಳಿದವರು ಕೇಳಬೇಕಾದದ್ದು ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಫೀಡರಿಗೆ ಹಗಲು ಕರೆಂಟ್ ಕೊಡಿ ಅಂತ. ಅದಕ್ಕೆ ಕುಸುಮ್-ಸಿ ಇದೆ, ಸೆಸ್ಕ್ ಕಚೇರಿ ಮೈಸೂರಿನಲ್ಲೇ ಇದೆ.

ಕೊನೆಗೆ ಸಹಿಯ ವಿಷಯ. ಒಂದು ಕಾರ್ಬನ್ ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಇದರ ವ್ಯಾಪಾರಕ್ಕೆ ಕೇಂದ್ರ ಸರ್ಕಾರ 2023ರಲ್ಲೇ ಯೋಜನೆ ಹೊರಡಿಸಿದೆ. ಆದರೆ ಭತ್ತಕ್ಕಿರುವಂತೆ ಇದಕ್ಕೆ ಬೆಂಬಲ ಬೆಲೆ ಇಲ್ಲ. 2024ರಲ್ಲಿ ವೆರಾ ಎಂಬ ನೋಂದಣಿ ಸಂಸ್ಥೆ ಚೀನಾದ 37 ಭತ್ತದ ಯೋಜನೆಗಳನ್ನು ಒಂದೇ ಸಲಕ್ಕೆ ತಿರಸ್ಕರಿಸಿತು. ಗದ್ದೆ ರೈತನದ್ದು, ಅಳತೆ ಇನ್ನೊಬ್ಬರದ್ದು, ತಿರಸ್ಕಾರ ಮೂರನೆಯವರದ್ದು.

ಒಗ್ಗಟ್ಟಿದ್ದರೆ ಆಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಬಾಗೇಪಲ್ಲಿ ಕಡೆ ಕೂಲಿ ಸಂಘದ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಅಲ್ಲಿ ವ್ಯವಹಾರಕ್ಕೆ ಕೂತದ್ದು ಸಂಘ, ಒಂಟಿ ಮನೆಯಲ್ಲ.

ಆದ್ದರಿಂದ ಏಜೆಂಟ್ ಬಂದರೆ ಕೂರಿಸಿ, ಕಾಫಿ ಕೊಡಿ, ಪತ್ರ ಕನ್ನಡದಲ್ಲಿ ಕೇಳಿ. ಟನ್ನಿಗೆ ಕನಿಷ್ಠ ಎಷ್ಟು, ಯಾವ ತಿಂಗಳಲ್ಲಿ ಕೊಡುತ್ತೀರಿ, ಮಾರಾಟವಾದ ಬೆಲೆಯಲ್ಲಿ ನಮ್ಮ ಪಾಲು ನೂರಕ್ಕೆ ಎಷ್ಟು, ಅಳೆಯುವ ಖರ್ಚು ಯಾರದ್ದು, ಎಷ್ಟು ವರ್ಷಕ್ಕೆ ಕಟ್ಟಿಹಾಕುತ್ತೀರಿ, ನಡುವೆ ಭತ್ತ ಬಿಟ್ಟು ಬಾಳೆ ಹಾಕಿದರೆ ದಂಡವೇ, ಜಮೀನು ಮಾರಿದರೆ ಅಥವಾ ಮಕ್ಕಳಿಗೆ ಭಾಗವಾದರೆ ಏನು ಅಂತ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಉತ್ತರ ಬಂದ ಮೇಲೂ ಮನೆಯಲ್ಲಿ ಸಹಿ ಹಾಕಬೇಡಿ. ಊರಿನ ಭತ್ತದವರೆಲ್ಲ ಸೇರಿ ಸೊಸೈಟಿಯಲ್ಲೋ ಗ್ರಾಮಸಭೆಯಲ್ಲೋ ಪತ್ರ ಓದಿಸಿ. ಅಲ್ಲಿವರೆಗೆ ಪಹಣಿಯ ನಕಲು ಯಾರ ಕೈಗೂ ಕೊಡಬೇಡಿ.