ಸ್ಪೀಕರಿಗೆ ವರ್ಗಾವಣೆ

ಮಕ್ಕಳೇ, ಮೊನ್ನೆ ನಡುರಾತ್ರಿ ನಮ್ಮ ಉದ್ಯಾವರದ ಮನೆಯಲ್ಲಿ ಒಂದು ಫಜೀತಿ ನಡೆಯಿತು. ಬಚ್ಚಲಿಗೆ ಹೊರಟ ನನ್ನಾಕೆ, ಮೊಮ್ಮಗ ಕಲಿಸಿದಂತೆ, ಸ್ಮಾರ್ಟ್ ಸ್ಪೀಕರಿಗೆ "ಟರ್ನ್ ಆನ್ ದ ಲೈಟ್" ಎಂದಳು. ಬೆಳಗಿದ್ದು ಮಹಡಿಯ ಮೇಲೆ ಮೊಮ್ಮಗನ ಕೋಣೆ! ಅವನು ಬೆಚ್ಚಿ ಎದ್ದ. ಇವಳು ಕತ್ತಲಲ್ಲಿ ಹೊಸ್ತಿಲು ಎಡವಿದಳು. ಬಾಗಿಲು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ.

ಬೆಳಿಗ್ಗೆ ಅಜ್ಜ, ಮೊಮ್ಮಗ ಇಬ್ಬರೂ ತನಿಖೆಗೆ ಕುಳಿತೆವು. ಆ ಸ್ಪೀಕರ್ ಮೊದಲು ಮಹಡಿಯಲ್ಲಿತ್ತು. ಅಜ್ಜಿಗೆಂದು ಕೆಳಗೆ ತಂದ ನಾವು ಆಪ್‌ನಲ್ಲಿ ಕೋಣೆ ಬದಲಿಸಿರಲಿಲ್ಲ. ಸ್ಪೀಕರಿಗೆ ಕಿವಿ ಇದೆ, ಕಣ್ಣಿಲ್ಲ. ತಾನು ಎಲ್ಲಿದ್ದೇನೆಂದು ಆಪ್ ಹೇಳಿದಷ್ಟೇ ಅದಕ್ಕೆ ಗೊತ್ತು. ಬ್ಯಾಂಕಿನ ಗುಮಾಸ್ತನಿಗೆ ಕಾಪುವಿನಿಂದ ಕಾರ್ಕಳಕ್ಕೆ ವರ್ಗವಾಗಿ, ಪುಸ್ತಕದಲ್ಲಿ ಮಾತ್ರ ತಿದ್ದದಿದ್ದರೆ ಅವನ ಕಾಗದವೆಲ್ಲ ಕಾಪುವಿಗೇ ಹೋದೀತು. ಇದೂ ಹಾಗೆಯೇ.

ಪರಿಹಾರ ಸುಲಭ. ಅಲೆಕ್ಸಾ ಆಪ್‌ನಲ್ಲಿ ಕೋಣೆಗೊಂದು ಗ್ರೂಪ್ ಮಾಡಬಹುದು. ಗೂಗಲ್ ಹೋಮ್‌ನಲ್ಲಿ ಅದಕ್ಕೆ ರೂಮ್ ಎನ್ನುತ್ತಾರೆ. ಹಳೆಯ ಕೋಣೆಯಿಂದ ಸ್ಪೀಕರನ್ನು ತೆಗೆದು, ಈಗಿರುವ ಕೋಣೆಯ ಬಲ್ಬಿನ ಜೊತೆ ಸೇರಿಸಿ. ಎರಡು ಬಲ್ಬುಗಳಿಗೆ ಒಂದೇ ಹೆಸರು ಬೇಡ. ಗೋಡೆಯ ಸ್ವಿಚ್ ಆಫ್ ಆಗಿದ್ದರೆ ಸ್ಮಾರ್ಟ್ ಬಲ್ಬ್ ಯಾರ ಮಾತನ್ನೂ ಕೇಳದು, ನೆನಪಿರಲಿ.

ಎಲ್ಲ ಆದ ಮೇಲೆ ಅಜ್ಜಿಯಿಂದಲೇ ಹೇಳಿಸಿ ನೋಡಿ. ನಾವು ಹಾಗೇ ಮಾಡಿದೆವು. ಲೈಟ್ ಅವಳ ಕೋಣೆಯಲ್ಲೇ ಉರಿಯಿತು. ಆದರೂ ಅವಳು ತಲೆದಿಂಬಿನ ಬಳಿಯ ಟಾರ್ಚ್ ತೆಗೆದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ಪೀಕರಿಗೂ ಮೌನವ್ರತ ತಾನೇ?