ಎಲ್ಲವೂ ‘ಬಿಟ್ಟುಕೊಟ್ಟದ್ದು’ ಅಲ್ಲ

ಯೀಲ್ಡ್, ಸರೆಂಡರ್, ಸೀಡ್, ರಿಲಿಂಕ್ವಿಶ್: ಈ ನಾಲ್ಕಕ್ಕೂ ‘ಬಿಟ್ಟುಕೊಡು’ ಎಂಬ ಒಂದೇ ಅರ್ಥ ಬರೆಸಿ ಮುಗಿಸುವ ಇಂಗ್ಲಿಷ್ ಪಾಠದ ಮೇಲೆ ನನಗೆ ತಕರಾರಿದೆ. ಪರೀಕ್ಷೆಗೆ ಇಷ್ಟು ಸಾಕು ಎನ್ನುವವರಿದ್ದಾರೆ. ಪರೀಕ್ಷೆಗೆ ಸಾಕು, ಬದುಕಿಗೆ ಸಾಲದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರಿಗೆ ‘ಯೀಲ್ಡ್’ ಹೊಸದಲ್ಲ. ಎಕರೆಗೆ ಎಷ್ಟು ಹೊಗೆಸೊಪ್ಪು ಬಂತು ಎನ್ನುವಾಗಲೂ ಅದೇ ಪದ, ನಮ್ಮ ಇಳುವರಿ. ಉತ್ತು, ಸಸಿ ನೆಟ್ಟು, ಗೊಬ್ಬರ ಸುರಿದ ಮೇಲೆ ಭೂಮಿ ಕೊಡುತ್ತದೆ. ಮನುಷ್ಯರ ಯೀಲ್ಡ್ ಕೂಡ ಹಾಗೆಯೇ. ಅದರ ಹಿಂದೆ ಒಂದು ಒತ್ತಡ ಇದ್ದೇ ಇರುತ್ತದೆ.

‘ಸೀಡ್’ ಎಂದರೆ ಇಲ್ಲಿ ಬೀಜವಲ್ಲ. ಒಪ್ಪಂದ ಮಾಡಿಕೊಂಡು ನೆಲ ಕೊಡುವುದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧವನ್ನು ಕಂಪನಿಗೂ ಅದರ ಮಿತ್ರರಿಗೂ ಸೀಡ್ ಮಾಡಿದ. 1799ರಲ್ಲಿ ಸರೆಂಡರ್ ಆಗಲಿಲ್ಲ, ಕಾದಾಡುತ್ತ ಸತ್ತ. ಗೆದ್ದವನ ಕೈಗೆ ತನ್ನನ್ನೇ ಒಪ್ಪಿಸಿಕೊಳ್ಳುವುದು ಸರೆಂಡರ್. ಎರಡನ್ನೂ ಒಂದೇ ಪದಕ್ಕೆ ತುರುಕಿದರೆ ಚರಿತ್ರೆಯೇ ಕೆಡುತ್ತದೆ.

‘ರಿಲಿಂಕ್ವಿಶ್’ ಎಂದರೆ ತನ್ನ ಹಕ್ಕನ್ನು ತಾನಾಗಿಯೇ ಬಿಡುವುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಹಕ್ಕು ಖುಲಾಸೆ ಪತ್ರದ ಮಾತು ಇದು. ತವರಿನ ಆಸ್ತಿಯಲ್ಲಿ ಪಾಲು ಬೇಡವೆಂದು ಅಕ್ಕತಂಗಿಯರು ಅದಕ್ಕೆ ಸಹಿ ಹಾಕುತ್ತಾರೆ. ಮನಸಾರೆ ಹಾಕಿದ್ದರೆ ಸರಿ. ನಾಳೆ ಹಬ್ಬಕ್ಕೆ ಕರೆಯುವವರಿರುವುದಿಲ್ಲ ಎಂದು ಹೆದರಿ ಹಾಕಿದ್ದರೆ, ಕಾಗದ ರಿಲಿಂಕ್ವಿಶ್ ಎನ್ನುತ್ತದೆ, ನಡೆದದ್ದು ಯೀಲ್ಡ್.

ಈಗ ನಾಗರಹೊಳೆಗೆ ಬನ್ನಿ. ಜೇನುಕುರುಬರು ‘ಕಾಡು ಬಿಟ್ಟುಕೊಟ್ಟು ಹೊರಬಂದರು’ ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ! 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ವನ್ಯಜೀವಿಗಳಿಗಾಗಿ ಜನರನ್ನು ಸ್ಥಳಾಂತರಿಸಬೇಕಾದರೆ ಗ್ರಾಮಸಭೆ ಎಲ್ಲವನ್ನೂ ತಿಳಿದು, ಯಾರ ಬಲವಂತವೂ ಇಲ್ಲದೆ, ಬರವಣಿಗೆಯಲ್ಲಿ ಒಪ್ಪಬೇಕು. ಅಂದರೆ ಕಾನೂನು ಕೇಳುವುದು ರಿಲಿಂಕ್ವಿಶ್. ಹಾಡಿಗೆ ಶಾಲೆ, ರಸ್ತೆ, ಕರೆಂಟು ಬಾರದೆ ಬೇಸತ್ತು ಹೊರಟವರದು ಯೀಲ್ಡ್. 1972ರ ವನ್ಯಜೀವಿ ಕಾಯ್ದೆಯ ನಂತರದ ವರ್ಷಗಳಲ್ಲಿ ಪರಿಹಾರವಿಲ್ಲದೆ ಹೊರದೂಡಿಸಿಕೊಂಡು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದವರದು? ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅವರು ಬಿಡಲಿಲ್ಲ, ಬಿಡಿಸಲಾಯಿತು.

ನೋಡಿ, ಕನ್ನಡಕ್ಕೆ ಈ ಭೇದ ಚೆನ್ನಾಗಿಯೇ ಗೊತ್ತು. ಬಿಡು, ಬಿಡಿಸು, ಮಣಿ, ಒಪ್ಪಿಸು, ಶರಣಾಗು ಎಲ್ಲವೂ ನಮ್ಮಲ್ಲಿವೆ. ಬಡತನ ಭಾಷೆಯದಲ್ಲ, ಒಂದೇ ಪದಕ್ಕೆ ಜೋತುಬಿದ್ದ ನಮ್ಮ ಸೋಮಾರಿತನದ್ದು. ಆ ಸೋಮಾರಿತನದ ಲಾಭ ಯಾವಾಗಲೂ ಕಿತ್ತುಕೊಂಡವರಿಗೇ. ‘ಬಿಟ್ಟುಕೊಟ್ಟರು’ ಎಂಬ ವಾಕ್ಯದಲ್ಲಿ ಕರ್ತೃ ಕಳೆದುಕೊಂಡವನು. ಕಿತ್ತುಕೊಂಡವನು ವಾಕ್ಯದಿಂದಲೇ ಮಾಯ.

ಆದ್ದರಿಂದ ವಿದ್ಯಾರ್ಥಿಗಳೇ, ಅರ್ಥ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಕೊಟ್ಟವರು ಯಾರು? ಕೇಳಿದವರು ಯಾರು? ‘ಕೊಡುವುದಿಲ್ಲ’ ಎನ್ನಲು ಅವರಿಗೆ ದಾರಿ ಇತ್ತೇ? ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಪೆನ್ನು ಕೆಳಗಿಡಿ.