ನೆರಳನ್ನು ನೋಡಿ ಬಿಸಿಲನ್ನು ಅಳೆಯಿರಿ

ಆರೋಗ್ಯವನ್ನು ಬಯಸುವವನು ಸೂರ್ಯನನ್ನು ಬೇಡಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವೈಶಾಖದ ನಡುಹಗಲಿನಲ್ಲಿ ಮಗುವನ್ನು ಅಂಗಳಕ್ಕಿಳಿಯಗೊಡದವರೂ ಅದೇ ಹಿರಿಯರೇ. ಈ ಎರಡು ನಡವಳಿಕೆಗಳ ನಡುವೆ ವಿರೋಧವೇನೂ ಇಲ್ಲ. ಅನ್ನಕ್ಕೆ ಹೇಗೋ ಬಿಸಿಲಿಗೂ ಹಾಗೆಯೇ ಒಂದು ಮಿತಿಯಿದೆ. ಆ ಮಿತಿಯನ್ನು ಕಂಡುಕೊಳ್ಳುವ ಸುಲಭವಾದ ಬಗೆಯೊಂದನ್ನು ಈ ತಿಂಗಳ ಅಂಕಣದಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೆಟ್ಟೂರಿನ ಸುತ್ತಮುತ್ತಲನ್ನೇ ತೆಗೆದುಕೊಳ್ಳೋಣ. 1934ರಲ್ಲಿ ಮುಗಿದ ಸ್ಟಾನ್ಲಿ ಅಣೆಕಟ್ಟಿನ ಹಿಂದೆ ಹರಡಿಕೊಂಡಿರುವ ಕಾವೇರಿಯ ನೀರಿನಲ್ಲಿ ಹರಿಗೋಲು ಹಾಕಿ ಬಲೆ ಬೀಸುವ ಮೀನುಗಾರರಿದ್ದಾರೆ. ಬೇಸಗೆಯಲ್ಲಿ ನೀರು ತಗ್ಗಿ ಪಣ್ಣವಾಡಿಯ ನಂದಿ ತಲೆಯೆತ್ತುವ ಹೊತ್ತಿಗೆ, ಹೊರಬಿದ್ದ ಮಣ್ಣಿನಲ್ಲಿ ಬೆಳೆಯಿಡುವ ರೈತರಿದ್ದಾರೆ. ಇವರ ತಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಒಂದು ಎಲೆಯ ನೆರಳೂ ಇರದು. ಅಲ್ಲಿಂದ ದೂರವಲ್ಲದ ಜಲಕಂಠಾಪುರ, ಇಳಂಪಿಳ್ಳೈಗಳಂಥ ನೇಯ್ಗೆಯ ಊರುಗಳಲ್ಲಿ ಇದಕ್ಕೆ ತೀರ ಬೇರೆಯಾದ ಬದುಕು. ಸೇಲಂ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೂ ಕೈಯಲ್ಲಿ ಲಾಳಿಯನ್ನೂ ಉಳಿಸಿಕೊಂಡು ಬಂದ ದೇವಾಂಗ ಕುಟುಂಬಗಳನ್ನು ನಮ್ಮ ಓದುಗರು ಬಲ್ಲರು. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗಕ್ಕೆ ತಂಪೂ ತೇವವೂ ಬೇಕು. ಒಣಗಿದರೆ ನೂಲು ಹರಿಯುತ್ತದೆ. ನೂಲಿಗೆ ಹಿತವಾದ ಆ ಮಬ್ಬುಗತ್ತಲೆ ನೇಯುವವನ ಎಲುಬಿಗೆ ಹಿತವಲ್ಲ. ಹೀಗೆ ಒಂದೇ ಸೀಮೆಯ ಒಂದೇ ಆಕಾಶದ ಕೆಳಗೆ, ಬಿಸಿಲು ಹೆಚ್ಚಾಗಿ ಕೆಡುವವರೂ ಇದ್ದಾರೆ, ಬಿಸಿಲು ಸಾಲದೆ ಕೆಡುವವರೂ ಇದ್ದಾರೆ.

ಬಿಸಿಲೆಂದರೆ ನಮಗೆ ಮೊದಲು ತಿಳಿಯುವುದು ಬೆಳಕು ಮತ್ತು ಶಾಖ. ಇವೆರಡರ ಜೊತೆಗೆ ಕಣ್ಣಿಗೆ ಕಾಣದ, ಮೈಗೆ ಬಿಸಿಯೆನಿಸದ ಅತಿನೇರಳೆ ಕಿರಣಗಳೂ ಸೂರ್ಯನಿಂದ ಬರುತ್ತವೆ. ಚರ್ಮದ ಮೇಲಿನ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಈ ಕಿರಣಗಳವು. ಆದುದರಿಂದ ಶಾಖವನ್ನು ನೋಡಿ ಅವುಗಳ ಪ್ರಮಾಣವನ್ನು ಊಹಿಸಲಾಗದು. ಸೇಲಂನ ಸೆಖೆ ತಾಳದೆ ಏರ್ಕಾಡು ಬೆಟ್ಟವನ್ನೇರಿದವರು ಅಲ್ಲಿನ ತಂಗಾಳಿಯಲ್ಲಿ ಬಿಸಿಲು ಸೌಮ್ಯವೆಂದು ಭಾವಿಸುತ್ತಾರೆ. ಸಾವಿರ ಮೀಟರು ಮೇಲೇರಿದರೆ ಅತಿನೇರಳೆ ಕಿರಣಗಳು ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚುತ್ತವೆಂಬುದೇ ಸತ್ಯ. ತೆಳುಮೋಡ ಕವಿದ ದಿನವೂ ಈ ಕಿರಣಗಳ ಬಹುಪಾಲು ಕೆಳಗಿಳಿಯುತ್ತದೆ.

ಈ ಕಿರಣಗಳು ತಾಕಿದೊಡನೆ ಚರ್ಮವು ತನ್ನ ರಕ್ಷಣೆಗೆ ತೊಡಗುತ್ತದೆ. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಹೆಚ್ಚಾಗಿ ತಯಾರಾಗಿ ಒಳಗಿನ ಜೀವಕೋಶಗಳಿಗೆ ಕೊಡೆ ಹಿಡಿಯುತ್ತದೆ. ಮೈ ಕಪ್ಪಾಗುವುದೆಂದರೆ ಇದೇ. ಅದು ರೋಗವಲ್ಲ, ಕಾವಲು. ನಮ್ಮ ಜನರಲ್ಲಿ ಚರ್ಮದ ಅರ್ಬುದರೋಗವು ಬಿಳಿಯ ಮೈಯವರಿಗಿಂತ ಬಹಳ ವಿರಳವಾಗಿರುವುದಕ್ಕೆ ಈ ಕಾವಲೇ ಮುಖ್ಯ ಕಾರಣ. ಆದರೂ ವರ್ಷಗಟ್ಟಲೆ ಬಿಸಿಲುಂಡ ಚರ್ಮವು ಬೇಗ ಸುಕ್ಕುಗಟ್ಟಿ ಒರಟಾಗುತ್ತದೆ. ಕೆನ್ನೆಯ ಮೇಲಿನ ಭಂಗು ದಟ್ಟವಾಗುತ್ತದೆ. ಕಣ್ಣಿನಲ್ಲಿ ಪೊರೆ ಬೆಳೆಯುವ ಸಂಭವ ಹೆಚ್ಚುತ್ತದೆ. ತೊನ್ನಿನ ಮಚ್ಚೆಗಳಲ್ಲಿಯೂ ಹುಟ್ಟಿನಿಂದಲೇ ಬಿಳಿಯ ಮೈಯಿರುವವರಲ್ಲಿಯೂ ಮೆಲನಿನ್ ಇಲ್ಲವಾದುದರಿಂದ ಅಂಥವರು ಮೈ ಮುಚ್ಚಿಕೊಂಡೇ ಹೊರಡಬೇಕು.

ಇನ್ನು ಬಿಸಿಲಿನ ಉಪಕಾರದ ಮಾತು. 1822ರಲ್ಲಿ ಪೋಲೆಂಡಿನ ವೈದ್ಯ ಸ್ನ್ಯಾದೆಟ್ಸ್ಕಿ ಎಂಬವರು, ವಾರ್ಸಾ ನಗರದ ಇಕ್ಕಟ್ಟಿನ ಮನೆಗಳ ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್ ರೋಗ ಬಹಳವಾಗಿರುವುದನ್ನೂ ಹಳ್ಳಿಯ ಮಕ್ಕಳಲ್ಲಿ ಅದು ಕಡಿಮೆಯಿರುವುದನ್ನೂ ಗಮನಿಸಿ, ಬಿಸಿಲೇ ಇದಕ್ಕೆ ಮದ್ದೆಂದು ಬರೆದರು. ಸುಮಾರು ನೂರು ವರ್ಷಗಳ ಅನಂತರ, 1919ರಲ್ಲಿ, ಬರ್ಲಿನ್ನಿನ ಹುಲ್ಡ್‌ಷಿನ್ಸ್ಕಿ ಎಂಬ ಮಕ್ಕಳ ವೈದ್ಯರು ಅತಿನೇರಳೆ ಕಿರಣದ ದೀಪವನ್ನು ಹಾಯಿಸಿ ಆ ರೋಗವನ್ನು ಗುಣಪಡಿಸಿ ತೋರಿಸಿದರು. ಒಳಗಿನ ಕ್ರಮ ಮುಂದೆ ತಿಳಿಯಿತು. ಚರ್ಮದಲ್ಲಿರುವ ಕೊಬ್ಬಿನ ಜಾತಿಯ ವಸ್ತುವೊಂದನ್ನು ‘ಬಿ’ ವರ್ಗದ ಅತಿನೇರಳೆ ಕಿರಣಗಳು ಜೀವಸತ್ವ ‘ಡಿ’ಯಾಗಿ ಮಾರ್ಪಡಿಸುತ್ತವೆ, ಅದು ಪಿತ್ತಜನಕಾಂಗದಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ಸಂಸ್ಕಾರ ಹೊಂದಿ, ನಾವು ಉಂಡ ಆಹಾರದಿಂದ ಸುಣ್ಣದ ಅಂಶವನ್ನು ಕರುಳು ಹೀರುವಂತೆ ಮಾಡುತ್ತದೆ. ಆ ಸತ್ವವಿಲ್ಲದಿದ್ದರೆ ಎಳೆಯರ ಎಲುಬು ಬಾಗುತ್ತದೆ. ಬೆಳೆದವರ ಎಲುಬು ಮೆತ್ತಗಾಗಿ ಸೊಂಟ, ತೊಡೆ, ಬೆನ್ನುಗಳಲ್ಲಿ ಮಂದವಾದ ನೋವು ನೆಲೆಸುತ್ತದೆ. ಕುಳಿತವರಿಗೆ ಏಳುವುದು ಕಷ್ಟವಾಗುತ್ತದೆ.

ಬಿಸಿಲಿಗೆ ಬರವಿಲ್ಲದ ನಮ್ಮ ದೇಶದಲ್ಲಿ ಈ ಕೊರತೆ ಎಲ್ಲಿಂದ ಬಂತೆಂದು ಕೇಳಬಹುದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ದುಡಿಯುವ ಸೈನಿಕರಲ್ಲಿ ಈ ಸತ್ವ ಮೇಲ್ಮಟ್ಟದಲ್ಲಿತ್ತು; ಆರೋಗ್ಯವಂತರೆನಿಸಿಕೊಂಡ ವೈದ್ಯರಲ್ಲಿಯೂ ದಾದಿಯರಲ್ಲಿಯೂ ಬಹಳ ಕೆಳಗಿತ್ತು. ನಮಗೆ ಇನ್ನೂ ಹತ್ತಿರವಾದ ತಿರುಪತಿಯಲ್ಲಿ ನಡೆದ ಪರೀಕ್ಷೆಗಳು ಮತ್ತೊಂದು ಸಂಗತಿಯನ್ನು ಹೊರಗೆಡವಿದವು. ಅಲ್ಲಿ ಜೀವಸತ್ವ ‘ಡಿ’ ಅತ್ಯಧಿಕವಾಗಿ ತಯಾರಾಗುವುದು ಹಗಲು 11ರಿಂದ 2 ಗಂಟೆಯೊಳಗೆ. ಎಳೆಬಿಸಿಲೇ ಎಲುಬಿಗೆ ಬಲವೆಂಬ ನಮ್ಮ ಮನೆಮಾತು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಸೂರ್ಯನು ಕೆಳಗಿರುವಾಗ ಕಿರಣಗಳು ವಾಯುಮಂಡಲವನ್ನು ಓರೆಯಾಗಿ, ಬಹುದೂರ ಹಾದುಬರುತ್ತವೆ. ದಾರಿಯಲ್ಲಿಯೇ ಓಜೋನ್ ಪದರವು ‘ಬಿ’ ವರ್ಗದ ಕಿರಣಗಳನ್ನು ಹೀರಿಬಿಡುತ್ತದೆ. ಉದಯದ ಬಿಸಿಲು ಮನಸ್ಸಿಗೆ ಉಲ್ಲಾಸ, ನಿದ್ರೆಯ ಕ್ರಮಕ್ಕೆ ಸಹಾಯ; ಎಲುಬಿಗೆ ಅದರಿಂದ ದೊರೆಯುವುದು ಅಲ್ಪ. ಕಿಟಕಿಯ ಗಾಜಿನ ಹಿಂದೆ ಕುಳಿತು ಕಾಯಿಸಿಕೊಂಡರೂ ಫಲವಿಲ್ಲ. ಗಾಜು ಆ ಕಿರಣಗಳನ್ನು ತಡೆಯುತ್ತದೆ.

ಹಾಗಾದರೆ ಹೊತ್ತನ್ನು ಗುರುತಿಸುವುದು ಹೇಗೆ? ಗಡಿಯಾರಕ್ಕಿಂತ ನಮ್ಮ ನೆರಳೇ ನಂಬಿಕೆಯ ಅಳತೆಗೋಲು. ನೆರಳು ನಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಜೀವಸತ್ವವೂ ಕಡಿಮೆ, ಚರ್ಮಕ್ಕೆ ಹಾನಿಯೂ ಕಡಿಮೆ. ನೆರಳು ಎತ್ತರಕ್ಕಿಂತ ಗಿಡ್ಡವಾದಾಗ ಎರಡೂ ಹೆಚ್ಚು. ಮೆಟ್ಟೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿಗಿಂತ ತುಸು ಕಡಿಮೆ ಅಕ್ಷಾಂಶದಲ್ಲಿದೆ. ಆದಕಾರಣ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 21ರ ಮತ್ತು ಆಗಸ್ಟ್ 22ರ ಸುಮಾರಿಗೆ, ಸೂರ್ಯನು ಅಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆಲ್ಲ ನೆರಳು ನಮ್ಮ ಎತ್ತರದಷ್ಟಾಗಿರುತ್ತದೆ. ಡಿಸೆಂಬರಿನಲ್ಲಿ ಅದೇ ಅಳತೆಗೆ ಹತ್ತೂಕಾಲು ದಾಟಬೇಕು. ನಡುಹಗಲು ದಾಟಿದ ಮೇಲೆ ನೆರಳು ಮತ್ತೆ ಉದ್ದವಾಗುತ್ತ ಹೋಗುತ್ತದೆ. ಮನೆಯೊಳಗೇ ದುಡಿಯುವವರು, ಬೇಸಗೆಯಲ್ಲಾದರೆ ನೆರಳು ಎತ್ತರಕ್ಕೆ ಸಮನಾದ ಒಡನೆಯೇ, ಚಳಿಗಾಲದಲ್ಲಾದರೆ ಹನ್ನೊಂದರ ಮೇಲೆ, ಮುಖ, ತೋಳು, ಕಾಲುಗಳಿಗೆ ಬಿಸಿಲು ತಾಕುವಂತೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿದ್ದು ಬರಲಿ. ವಾರದಲ್ಲಿ ನಾಲ್ಕೈದು ದಿನ ಹೀಗೆ ಮಾಡುವುದು ಸಾಧ್ಯ. ಕಪ್ಪು ಮೈಯವರಿಗೆ ಬಿಳಿ ಮೈಯವರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಅದಕ್ಕೂ ಮೀರಿ ಗಂಟೆಗಟ್ಟಲೆ ನಿಂತರೆ ಸತ್ವವೇನೂ ಹೆಚ್ಚುವುದಿಲ್ಲ. ಹೆಚ್ಚಾದುದನ್ನು ಚರ್ಮವೇ ನಿಷ್ಫಲವಾದ ವಸ್ತುಗಳಾಗಿ ಒಡೆದುಹಾಕುತ್ತದೆ. ಉಳಿಯುವುದು ಚರ್ಮದ ಸುಡುವಿಕೆ ಮಾತ್ರ.

ನಮ್ಮ ತಾಯಂದಿರಲ್ಲಿ ಇಲ್ಲಿ ಒಂದು ವಿಶೇಷ ವಿಜ್ಞಾಪನೆ. ಮದುವೆಯ ಮಾತು ಹತ್ತಿರ ಬಂದಿತೆಂದರೆ, ಬಣ್ಣ ಕೆಟ್ಟೀತೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳನ್ನು ಬಿಸಿಲಿಗೆ ಬಿಡದಿರುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ. ಹುಡುಗಿಯ ಎಲುಬು ಗಟ್ಟಿಯಾಗಬೇಕಾದ ವಯಸ್ಸೂ ಅದೇ ಎಂಬುದನ್ನು ನಾವು ಮರೆಯುತ್ತೇವೆ. ಎಲುಬು ಮೆತುವಾದರೆ ಸೊಂಟದ ಗೂಡಿನ ಆಕಾರವೇ ಕೆಟ್ಟು, ನಾಳೆ ಹೆರಿಗೆಯ ಹೊತ್ತಿನಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ ಒದಗಬಹುದು. ತಾಯಲ್ಲಿ ಸತ್ವವಿಲ್ಲದಿದ್ದರೆ ಹುಟ್ಟುವ ಮಗುವಿನಲ್ಲಿಯೂ ಅದು ಇರುವುದಿಲ್ಲ. ಬಣ್ಣ ಬಿಳುಪಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಮುಖದ ಚರ್ಮ ತೆಳುವಾಗಿ ಕೆಂಪೇರಿ, ಸ್ವಲ್ಪ ಬಿಸಿಲನ್ನೂ ತಾಳದಂತಾಗುತ್ತದೆ. ಗಂಡಿನ ಕಡೆಯವರು ಮುಖದ ಬಣ್ಣವನ್ನು ಒಂದು ದಿನ ನೋಡಿ ಹೋಗುತ್ತಾರೆ. ಎಲುಬಿನ ಬಲ ಬೇಕಾಗುವುದು ಒಂದು ಜನ್ಮಕ್ಕೆ.

ಬಿಸಿಲೊಂದೇ ಸಾಲದೆಂಬುದನ್ನೂ ಹೇಳಬೇಕು. ತಿರುಪತಿಯ ಸುತ್ತಲಿನ ಹಳ್ಳಿಗರಲ್ಲಿ, ಹೊಲದಲ್ಲಿ ದುಡಿದವರಿಗೂ ಈ ಸತ್ವವು ಸಾಕಷ್ಟು ಮಟ್ಟಕ್ಕೆ ಏರಿರಲಿಲ್ಲ; ಊಟದಲ್ಲಿ ಸುಣ್ಣದ ಅಂಶ ಕಡಿಮೆಯಿದ್ದುದು ಅದಕ್ಕೆ ಕಾರಣವೆಂದು ಕಂಡುಬಂತು. ನಮ್ಮ ಕಡೆಗೆ ಇದು ಹೆಚ್ಚು ಅನ್ವಯಿಸುತ್ತದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿ, ಹಲ್ಲು ಹಳದಿಗಟ್ಟಿದವರನ್ನೂ ಕೀಲು ಹಿಡಿದವರನ್ನೂ ನಾವು ಬಹುಕಾಲದಿಂದ ಕಂಡಿದ್ದೇವೆ. ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ತರುವ ಯೋಜನೆ 2013ರಲ್ಲಿ ಜಾರಿಗೆ ಬಂದುದು ಈ ಪೀಡೆಯ ನಿವಾರಣೆಗಾಗಿಯೇ. ಉಣ್ಣುವ ಸುಣ್ಣದ ಅಂಶ ಕಡಿಮೆಯಾದಷ್ಟೂ ಫ್ಲೋರೈಡ್ ಎಲುಬಿಗೆ ಮಾಡುವ ಹಾನಿ ಹೆಚ್ಚು. ಕುಡಿಯಲು ನದಿಯ ನೀರು ದೊರೆಯುವಲ್ಲಿ ಕೊಳವೆಬಾವಿಯ ನೀರನ್ನು ಬಿಡಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಸೊಂಟನೋವಿಗೆ ಬಿಸಿಲಿನ ಕೊರತೆಯೋ ನೀರಿನ ದೋಷವೋ ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ತಿಳಿಯಬೇಕು.

ಸುಣ್ಣದ ಅಂಶಕ್ಕೆ ನಮ್ಮ ಮನೆಯ ರಾಗಿಗಿಂತ ಅಗ್ಗದ ಮದ್ದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಅದು 300 ಮಿಲಿಗ್ರಾಂಗೂ ಮೇಲಿದೆ. ಬೆಳೆದವರಿಗೆ ದಿನಕ್ಕೆ ಬೇಕಾದುದು 1000 ಮಿಲಿಗ್ರಾಂ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ, ಅಥವಾ ಹುಳಿಬಂದ ಅಂಬಲಿಯಾಗಿ ಕುಡಿದರೆ, ಆ ಅಂಶ ಮೈಗೆ ಹತ್ತುವುದು ಸುಲಭ. ಹಾಲು, ಮೊಸರು, ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳು ಇವೂ ಜೊತೆಗಿರಲಿ.

ಹೊಲದಲ್ಲಿಯೂ ನೀರಿನ ಮೇಲೂ ದುಡಿಯುವವರಿಗೆ ನಿಯಮ ಇದರ ವಿಪರೀತ. ನೆರಳು ಗಿಡ್ಡವಾಗುತ್ತಲೇ ಅವರು ಮೈ ಮುಚ್ಚಬೇಕು. ತೋಳು ತುಂಬುವ ಸಡಿಲವಾದ ನೂಲಿನ ಅಂಗಿ, ತಲೆಗೆ ಮುಂಡಾಸು, ಹಣೆಗೂ ಕುತ್ತಿಗೆಗೂ ನೆರಳು ಕೊಡುವ ಅಗಲಂಚಿನ ಟೋಪಿ ಬೇಕು. ಸಾಧ್ಯವಿದ್ದವರು ಅತಿನೇರಳೆ ಕಿರಣ ತಡೆಯುವ ಕನ್ನಡಕವನ್ನೂ ಧರಿಸಬಹುದು. ಅಗ್ನಿನಕ್ಷತ್ರವೆಂದು ತಮಿಳುನಾಡಿನಲ್ಲಿ ಕರೆಯುವ ಮೇ ತಿಂಗಳ ದಿನಗಳಲ್ಲಿ ಕಠಿಣ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೂ ಸಂಜೆ ನಾಲ್ಕರ ಮೇಲೂ ಇರಿಸಿಕೊಳ್ಳಬೇಕು; ಬಾಯಾರಿಕೆಗೆ ಕಾಯದೆ ಆಗಾಗ ನೀರನ್ನೂ ಉಪ್ಪು ಬೆರೆಸಿದ ಮಜ್ಜಿಗೆಯನ್ನೂ ಕುಡಿಯಬೇಕು. ದುಡಿಯುತ್ತಿದ್ದವನು ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಹೊಡೆತ, ಪ್ರಾಣಾಪಾಯದ ಸ್ಥಿತಿ. ಕೂಡಲೇ ನೆರಳಿಗೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಆರು ತಿಂಗಳೊಳಗಿನ ಕೂಸನ್ನು ಗಿಡ್ಡನೆರಳಿನ ಬಿಸಿಲಿಗೆ ಒಡ್ಡಬಾರದು. ತಾಯಿಯ ಹಾಲಿನಲ್ಲಿ ಈ ಸತ್ವ ಸಾಲದಾದುದರಿಂದ, ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿಯೌಷಧವನ್ನು ಕೊಡಿಸುವಂತೆ ಮಕ್ಕಳ ವೈದ್ಯರು ಹೇಳುತ್ತಾರೆ. ರಕ್ತದೊತ್ತಡದ ಕೆಲವು ಮಾತ್ರೆಗಳು, ಡಾಕ್ಸಿಸೈಕ್ಲಿನ್‌ನಂಥ ಔಷಧಗಳು ಚರ್ಮವನ್ನು ಬಿಸಿಲಿಗೆ ಅತಿ ಸೂಕ್ಷ್ಮವಾಗಿಸುತ್ತವೆ. ಮಾತ್ರೆ ಹಿಡಿದ ಮೇಲೆ ಮುಖ, ಕೈಗಳಲ್ಲಿ ಉರಿಗೆಂಪು ಕಂಡರೆ ವೈದ್ಯರಿಗೆ ತಿಳಿಸಿ. ವಾರಕ್ಕೊಂದರಂತೆ ನುಂಗುವ 60,000 ಯೂನಿಟ್ ಶಕ್ತಿಯ ‘ಡಿ’ ಜೀವಸತ್ವವನ್ನು ನೆರೆಯವರು ಹೇಳಿದರೆಂದು ಕೊಂಡು ತಿನ್ನಬಾರದು. ಬಿಸಿಲಿನಿಂದ ಬಂದ ಸತ್ವ ಅತಿಯಾಗದು. ಮಾತ್ರೆಯಿಂದ ಬಂದುದು ಅತಿಯಾಗಿ ರಕ್ತದಲ್ಲಿ ಸುಣ್ಣದ ಅಂಶವನ್ನು ಏರಿಸಿ ಮೂತ್ರಪಿಂಡವನ್ನು ಕೆಡಿಸೀತು. ವಾಸಿಯಾಗದ ಹುಣ್ಣು, ಬೆಳೆಯುತ್ತಿರುವ ಅಥವಾ ರಕ್ತ ಒಸರುವ ಮಚ್ಚೆ ಇದ್ದವರು ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು.

ಮಗ್ಗದ ಮನೆಯವರು ಮಧ್ಯಾಹ್ನದ ಊಟಕ್ಕೆ ಮುಂಚೆ ಲಾಳಿಯನ್ನಿಟ್ಟು ಸ್ವಲ್ಪ ಹೊತ್ತು ಅಂಗಳಕ್ಕೆ ಬರಲಿ. ಹಾಸು ಹುರಿಗೊಳಿಸುವ ಹೊರಗಿನ ಕೆಲಸವನ್ನು ಆ ಹೊತ್ತಿಗೆ ಹೊಂದಿಸಿಕೊಂಡರೆ ದುಡಿಮೆಯೂ ಕೆಡದು. ಹರಿಗೋಲಿನವರು ಅದೇ ಹೊತ್ತಿಗೆ ದಡದ ಮರದಡಿಗೆ ಸೇರಲಿ. ಮನೆಯ ಹಿರಿಯರು ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ಅವರವರ ನೆರಳನ್ನು ಅವರಿಂದಲೇ ಹೆಜ್ಜೆಯಲ್ಲಿ ಅಳೆಯಿಸಿ, ಈ ಲೆಕ್ಕವನ್ನು ಕಲಿಸಿಕೊಡಬೇಕೆಂದು ಕೋರುತ್ತೇವೆ.